ಪುಕ್ಕಟೆ ಕೊಟ್ಟರೂ ಬೇಡವಾದ ಚಿಪ್‌ಗಳು: ಇಂಟೆಲ್–ಎಎಂಡಿ ಪ್ರಕರಣದ ಅಧ್ಯಯನ

2002ರಲ್ಲಿ ಚಿಪ್ ತಯಾರಿಸುವ ಎಎಂಡಿ ಕಂಪನಿ, ಕಂಪ್ಯೂಟರ್ ತಯಾರಕ ಎಚ್‌ಪಿಯ ಮುಂದೆ ಒಂದು ಕೊಡುಗೆ ಇಟ್ಟಿತು. ಕಚೇರಿಗಳಿಗೆ ಮಾರುವ ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ನಮ್ಮ ಪ್ರೊಸೆಸರನ್ನೂ ಬಳಸಿ, ಮೊದಲ ಹತ್ತು ಲಕ್ಷ ಚಿಪ್‌ಗಳಿಗೆ ಹಣವೇ ಬೇಡ ಎಂದಿತು. ಎಚ್‌ಪಿ ತೆಗೆದುಕೊಂಡದ್ದು 1,60,000 ಚಿಪ್‌ಗಳನ್ನು ಮಾತ್ರ. ಮಿಕ್ಕ 8,40,000 ಚಿಪ್‌ಗಳು ಪುಕ್ಕಟೆಯಾಗಿ ಸಿಗುತ್ತಿದ್ದರೂ ಅದಕ್ಕೆ ಬೇಡವಾದವು.

ಚಿಪ್ ಕಳಪೆಯಾಗಿದ್ದರೆ ಇದರಲ್ಲಿ ಕೇಳುವುದೇನೂ ಇರಲಿಲ್ಲ. ಆದರೆ ಆ ಕಾಲದ ಎಎಂಡಿ ಚಿಪ್‌ಗಳು ಇಂಟೆಲ್ ಚಿಪ್‌ಗಳಿಗೆ ಸರಿಸಾಟಿಯಾಗಿದ್ದವು, ಕೆಲವು ಕೆಲಸಗಳಲ್ಲಿ ಮುಂದೆಯೂ ಇದ್ದವು. ಲಾಭಕ್ಕಾಗಿಯೇ ನಡೆಯುವ ಒಂದು ಕಂಪನಿ, ಒಳ್ಳೆಯ ಸರಕು ಬಿಟ್ಟಿಯಾಗಿ ಸಿಗುವಾಗ ಬೇಡ ಎಂದದ್ದೇಕೆ? ಇಂಟೆಲ್ ವಿರುದ್ಧ ಮೂರು ಖಂಡಗಳಲ್ಲಿ ನಡೆದ ಸ್ಪರ್ಧಾ ಕಾನೂನಿನ ಮೊಕದ್ದಮೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಎರಡೇ ಅಂಗಡಿಗಳಿದ್ದ ಮಾರುಕಟ್ಟೆ

ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಎರಡೂ ಕ್ಯಾಲಿಫೋರ್ನಿಯಾದವು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್‌ನ 8088 ಚಿಪ್ಪನ್ನು ಆರಿಸಿಕೊಂಡಿತು. ಒಬ್ಬನೇ ಪೂರೈಕೆದಾರನನ್ನು ನಂಬಿ ಕೂರಲು ಐಬಿಎಂಗೆ ಇಷ್ಟವಿರಲಿಲ್ಲ, ಎರಡನೆಯವನೊಬ್ಬ ಬೇಕೆಂದು ಪಟ್ಟು ಹಿಡಿಯಿತು. 1982ರ ಒಪ್ಪಂದದಿಂದ ಎಎಂಡಿ ಆ ಎರಡನೆಯವನಾಯಿತು. ಕೆಲವೇ ವರ್ಷಗಳಲ್ಲಿ ಒಪ್ಪಂದ ಮುರಿದುಬಿತ್ತು, ವ್ಯಾಜ್ಯ ಶುರುವಾಯಿತು, ಅದು ಇತ್ಯರ್ಥವಾದದ್ದು 1995ರಲ್ಲಿ. ಅಷ್ಟರೊಳಗೆ ಎಎಂಡಿ ಸ್ವಂತ ವಿನ್ಯಾಸದ ಹಾದಿ ಹಿಡಿದಿತ್ತು.

ಈ ಚಿಪ್‌ಗಳ ಕುಟುಂಬಕ್ಕೆ ಎಕ್ಸ್86 ಎಂದು ಹೆಸರು. ವಿಂಡೋಸ್ ಮತ್ತು ಅದರ ಮೇಲೆ ಬೆಳೆದ ಲಕ್ಷಾಂತರ ಪ್ರೋಗ್ರಾಮುಗಳು ಈ ಕುಟುಂಬದ ಆಜ್ಞೆಗಳಿಗೇ ಬರೆಯಲ್ಪಟ್ಟವು. ಹಾಗಾಗಿ ಪರ್ಸನಲ್ ಕಂಪ್ಯೂಟರ್ ತಯಾರಿಸುವವರು ಚಿಪ್ ಕೊಳ್ಳಲು ಹೋಗಬಹುದಾದ ಬಾಗಿಲುಗಳು ವಾಸ್ತವದಲ್ಲಿ ಎರಡೇ. ವಿಯಾ, ಟ್ರಾನ್ಸ್‌ಮೆಟಾದಂಥ ಸಣ್ಣವರು ಇದ್ದರೂ ಅವರ ಪಾಲು ಅತ್ಯಲ್ಪ. ಐರೋಪ್ಯ ಒಕ್ಕೂಟದಲ್ಲಿ ಸ್ಪರ್ಧಾ ಕಾನೂನನ್ನು ಜಾರಿ ಮಾಡುವ ಐರೋಪ್ಯ ಆಯೋಗ ಪರಿಶೀಲಿಸಿದ ವರ್ಷಗಳಲ್ಲಿ ಇಂಟೆಲ್‌ನ ಪಾಲು ಶೇ 70 ಅಥವಾ ಅದಕ್ಕೂ ಹೆಚ್ಚು ಇತ್ತು. ದೊಡ್ಡ ತಯಾರಕರು ಯಾರೇ ಆಗಲಿ, ತಮ್ಮ ಅಗತ್ಯದ ಬಹುಭಾಗಕ್ಕೆ ಇಂಟೆಲ್ ಹತ್ತಿರ ಹೋಗಲೇಬೇಕಿತ್ತು. ಅಷ್ಟು ಚಿಪ್ ತಯಾರಿಸುವ ಕಾರ್ಖಾನೆ ಎಎಂಡಿ ಬಳಿ ಇರಲೇ ಇಲ್ಲ. ಮುಂದಿನ ಲೆಕ್ಕಾಚಾರಕ್ಕೆ ಈ ಸಂಗತಿ ಬಹಳ ಮುಖ್ಯ.

1999ರಲ್ಲಿ ಎಎಂಡಿ ಅಥ್ಲಾನ್ ತಂದಿತು. 2000ದ ಮಾರ್ಚ್‌ನಲ್ಲಿ ಒಂದು ಗಿಗಾಹರ್ಟ್ಸ್ ವೇಗದ ಚಿಪ್ಪನ್ನು ಇಂಟೆಲ್‌ಗಿಂತ ಎರಡು ದಿನ ಮೊದಲು ಪ್ರಕಟಿಸಿತು. ನಿಜವಾದ ಜಿಗಿತ ಬಂದದ್ದು 2003ರಲ್ಲಿ, ಏಪ್ರಿಲ್‌ನಲ್ಲಿ ಸರ್ವರ್‌ಗಳಿಗಾಗಿ ಆಪ್ಟೆರಾನ್, ಸೆಪ್ಟೆಂಬರ್‌ನಲ್ಲಿ ಅಥ್ಲಾನ್ 64. 64 ಬಿಟ್‌ನ ಯುಗಕ್ಕೆ ದಾಟಲು ಇಂಟೆಲ್ ಇಟಾನಿಯಂ ಎಂಬ ಹೊಸ ಕುಟುಂಬದ ಮೇಲೆ ಭರವಸೆ ಇಟ್ಟಿತ್ತು. ಹಳೆಯ ಎಕ್ಸ್86 ಪ್ರೋಗ್ರಾಮುಗಳು ಅದರ ಮೇಲೆ ತೆವಳುತ್ತಿದ್ದವು. ಎಎಂಡಿ ಹಳೆಯದನ್ನು ಕೈಬಿಡದೆ ಅದನ್ನೇ 64 ಬಿಟ್‌ಗೆ ವಿಸ್ತರಿಸಿತು. 2004ರಲ್ಲಿ ಇಂಟೆಲ್ ಕೂಡ ಅದೇ ವಿಸ್ತರಣೆಗೆ ಹೊಂದುವ ಚಿಪ್‌ಗಳನ್ನು ತರಬೇಕಾಯಿತು. ಯಜಮಾನ ಕಂಪನಿಯೇ ತನಗಿಂತ ಎಷ್ಟೋ ಚಿಕ್ಕ ಕಂಪನಿಯ ವಿನ್ಯಾಸವನ್ನು ಅನುಸರಿಸಿದ ಅಪರೂಪದ ಗಳಿಗೆ ಅದು.

ಪ್ರಕರಣದ ಬಹುಮುಖ್ಯ ಆರೋಪಗಳು 2002ರ ಕೊನೆಯಿಂದ 2006ರವರೆಗಿನವು. ಎಎಂಡಿ ತಾಂತ್ರಿಕವಾಗಿ ಅತ್ಯಂತ ಬಲವಾಗಿದ್ದ ವರ್ಷಗಳೂ ಅವೇ.

ರಿಬೇಟಿನ ಗಣಿತ

ಪ್ರಬಲ ಕಂಪನಿ ಗ್ರಾಹಕರನ್ನು ಸುಲಿಯುತ್ತದೆ ಎಂದರೆ ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ಇಲ್ಲಿನ ಆರೋಪ ಅದಲ್ಲ. ಇಂಟೆಲ್ ಬೆಲೆ ಏರಿಸಿತು ಎಂದು ಯಾರೂ ದೂರಲಿಲ್ಲ, ರಿಯಾಯಿತಿ ಕೊಟ್ಟಿತು ಎಂದೇ ದೂರು. ರಿಯಾಯಿತಿ ಹೇಗೆ ಅಪರಾಧವಾಗುತ್ತದೆ ಎಂದು ತಿಳಿಯಬೇಕಾದರೆ ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಬೇಕು. ಅಂಕಿಗಳು ನನ್ನವು, ತರ್ಕ ಮಾತ್ರ ಪ್ರಕರಣದ್ದು.

ಒಬ್ಬ ತಯಾರಕನಿಗೆ 1,000 ಚಿಪ್ ಬೇಕು. ಪ್ರಬಲ ಕಂಪನಿಯ ಬೆಲೆ ತಲಾ 100 ಡಾಲರ್. ಬಹುತೇಕ ಎಲ್ಲವನ್ನೂ ನಮ್ಮಲ್ಲೇ ಕೊಂಡರೆ ಪ್ರತಿಯೊಂದಕ್ಕೂ 10 ಡಾಲರ್ ಮರಳಿಸುತ್ತೇವೆ ಎನ್ನುತ್ತದೆ ಆ ಕಂಪನಿ. ಅಂದರೆ ಒಟ್ಟು ಖರ್ಚು 90,000 ಡಾಲರ್. ಈಗ ತಯಾರಕ 200 ಚಿಪ್‌ಗಳನ್ನು ಎದುರಾಳಿಯಿಂದ ಕೊಳ್ಳಲು ಯೋಚಿಸುತ್ತಾನೆ. ಹಾಗೆ ಮಾಡಿದ ಕೂಡಲೇ ರಿಬೇಟು, ಅಂದರೆ ಆ ಮರಳಿ ಬರುವ ಹಣ, ಹೋಗುತ್ತದೆ, ಅದೂ ಆ 200ರ ಮೇಲಿನದು ಮಾತ್ರವಲ್ಲ, ಪ್ರಬಲ ಕಂಪನಿಯಿಂದ ಹೇಗೂ ಕೊಳ್ಳಲೇಬೇಕಾದ 800ರ ಮೇಲಿನದೂ ಹೋಗುತ್ತದೆ. ಆ 800ಕ್ಕೇ ಈಗ 80,000 ಡಾಲರ್. ಮೊದಲಿನ ಖರ್ಚನ್ನು ಮೀರಬಾರದೆಂದರೆ 200 ಚಿಪ್‌ಗಳಿಗೆ ಉಳಿಯುವುದು 10,000, ಅಂದರೆ ತಲಾ 50 ಡಾಲರ್. ಪ್ರಬಲ ಕಂಪನಿ ಶೇ 10 ಮಾತ್ರ ಬಿಟ್ಟುಕೊಟ್ಟಿದೆ, ಎದುರಾಳಿ ಅರ್ಧ ಬೆಲೆಗೆ ಮಾರಬೇಕಾಗಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ತಯಾರಕ ಎದುರಾಳಿಗೆ ಕೊಡಬಹುದಾದದ್ದು 200 ಅಲ್ಲ, 100 ಮಾತ್ರ ಎಂದಿಟ್ಟುಕೊಳ್ಳಿ. ಆಗ 900 ಚಿಪ್‌ಗಳಿಗೆ ರಿಬೇಟಿಲ್ಲದೆ 90,000 ಡಾಲರ್. ಎದುರಾಳಿಯ 100 ಚಿಪ್‌ಗಳ ಬೆಲೆ ಸೊನ್ನೆಯಾದರೂ ತಯಾರಕನಿಗೆ ಉಳಿತಾಯ ಏನೂ ಇಲ್ಲ. ಇನ್ನೂ ಕಡಿಮೆ ಕೊಂಡರೆ ಬಿಟ್ಟಿ ಚಿಪ್ ಕೂಡ ನಷ್ಟದ ವ್ಯಾಪಾರವೇ.

ಎಚ್‌ಪಿ ಆ 8,40,000 ಚಿಪ್‌ಗಳನ್ನು ಮುಟ್ಟದಿದ್ದುದಕ್ಕೆ ಐರೋಪ್ಯ ಆಯೋಗ ಕಂಡ ವಿವರಣೆ ಇದೇ ಜಾಡಿನದು. ಉಚಿತ ಚಿಪ್ ತೆಗೆದುಕೊಂಡರೆ ಇಂಟೆಲ್‌ನಿಂದ ಕೊಳ್ಳುತ್ತಿದ್ದ ಇನ್ನುಳಿದ ಲಕ್ಷಾಂತರ ಚಿಪ್‌ಗಳ ಮೇಲಿನ ರಿಬೇಟು ಕೈತಪ್ಪುವ ಭಯವಿತ್ತು. ಆಯೋಗದ ತೀರ್ಮಾನದ ಪ್ರಕಾರ ಎಚ್‌ಪಿಯ ರಿಬೇಟಿಗೆ ಷರತ್ತು ಇದ್ದದ್ದು, ಕಚೇರಿ ಬಳಕೆಯ ಡೆಸ್ಕ್‌ಟಾಪ್‌ಗಳ ಕನಿಷ್ಠ ಶೇ 95 ಚಿಪ್ ಇಂಟೆಲ್‌ನದೇ ಆಗಿರಬೇಕು ಎಂದು. ಜಪಾನಿನ ಎನ್‌ಇಸಿಗೆ ಶೇ 80. ಲೆನೊವೊಗೆ 2007ರಲ್ಲಿ, ನೋಟ್‌ಬುಕ್‌ಗಳ ಮಟ್ಟಿಗೆ, ಪೂರ್ತಿ ನೂರು. ಇವು ಎಲ್ಲವೂ ಒಪ್ಪಂದದ ಕಾಗದದಲ್ಲಿ ನೇರವಾಗಿ ಬರೆದಿಟ್ಟ ಷರತ್ತುಗಳಲ್ಲ. ಎಚ್‌ಪಿಯ ವಿಷಯದಲ್ಲಿ ಅವು ಬಾಯಿಮಾತಿನಲ್ಲಿದ್ದವು ಎಂದು ಆಯೋಗ ಹೇಳಿತು. ಕಂಪನಿಗಳ ಒಳಗಿನ ಇಮೇಲುಗಳು, ಟಿಪ್ಪಣಿಗಳು, ಅಧಿಕಾರಿಗಳ ಹೇಳಿಕೆಗಳನ್ನು ಜೋಡಿಸಿ ಅವನ್ನು ಹೊರತೆಗೆಯಬೇಕಾಯಿತು.

ಯುರೋಪಿನ ಅತಿ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ ಜಾಲವಾದ ಮೀಡಿಯಾ ಸ್ಯಾಟರ್ನ್‌ಗೂ 2002ರಿಂದ 2007ರವರೆಗೆ ಇಂಟೆಲ್ ಹಣ ಕೊಟ್ಟಿತು, ಇಂಟೆಲ್ ಕಂಪ್ಯೂಟರುಗಳನ್ನು ಮಾತ್ರ ಮಾರಬೇಕೆಂಬ ಷರತ್ತಿನ ಮೇಲೆ ಎಂಬುದು ಆಯೋಗದ ಇನ್ನೊಂದು ತೀರ್ಮಾನ. ತಯಾರಕರನ್ನು ಕಟ್ಟಿಹಾಕಿದರೆ ಚಿಪ್ ಕಂಪ್ಯೂಟರಿನೊಳಗೆ ಹೋಗುವುದಿಲ್ಲ. ಮಳಿಗೆಯನ್ನು ಕಟ್ಟಿಹಾಕಿದರೆ, ಹೇಗೋ ಒಳಗೆ ಹೋದ ಚಿಪ್ ಕೂಡ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ.

ಡೆಲ್‌ನ ಲೆಕ್ಕಪುಸ್ತಕ

ಈ ಹಣ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಚಿತ್ರ ಸಿಕ್ಕಿದ್ದು ಸ್ಪರ್ಧಾ ಪ್ರಾಧಿಕಾರದಿಂದಲ್ಲ, ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿಯಿಂದ. ಡೆಲ್ ವರ್ಷಗಟ್ಟಲೆ ಇಂಟೆಲ್ ಚಿಪ್‌ಗಳನ್ನು ಮಾತ್ರ ಬಳಸುತ್ತಿತ್ತು. 2010ರ ಜುಲೈಯಲ್ಲಿ ಎಸ್‌ಇಸಿ ಮಾಡಿದ ಆರೋಪದ ಪ್ರಕಾರ, ಎಎಂಡಿ ಚಿಪ್ ಬಳಸದಿರುವುದಕ್ಕಾಗಿ ಇಂಟೆಲ್ ಕೊಡುತ್ತಿದ್ದ ಹಣ 2003ರ ಆರ್ಥಿಕ ವರ್ಷದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ 10ರಷ್ಟಿತ್ತು, 2006ರಲ್ಲಿ ಶೇ 38ಕ್ಕೆ ಏರಿತು, 2007ರ ಆರ್ಥಿಕ ವರ್ಷದ ಮೊದಲ ತ್ರೈಮಾಸಿಕದಲ್ಲಿ ಶೇ 76 ಮುಟ್ಟಿತು.

ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ಜಗತ್ತಿನ ಅತಿ ದೊಡ್ಡ ಕಂಪ್ಯೂಟರ್ ತಯಾರಕರಲ್ಲಿ ಒಂದು ಕಂಪನಿ. ಅದರ ಕಾರ್ಯಾಚರಣೆ ಲಾಭದ ಮುಕ್ಕಾಲು ಭಾಗ ಬಂದದ್ದು ಕಂಪ್ಯೂಟರ್ ಮಾರಿ ಅಲ್ಲ, ಇನ್ನೊಬ್ಬರ ಚಿಪ್ ಕೊಳ್ಳದೆ ಇದ್ದುದಕ್ಕೆ. ಇಂಥ ಸ್ಥಿತಿಯಲ್ಲಿ ಯಾವ ಚಿಪ್ ಒಳ್ಳೆಯದು ಎಂಬ ಎಂಜಿನಿಯರನ ಮಾತಿಗೆ ಕಂಪನಿಯಲ್ಲಿ ಎಷ್ಟು ಬೆಲೆ ಉಳಿದೀತು? 2006ರ ಮೇನಲ್ಲಿ ಡೆಲ್ ಎಎಂಡಿ ಚಿಪ್‌ಗಳನ್ನೂ ಬಳಸುವುದಾಗಿ ಘೋಷಿಸಿತು. ಇಂಟೆಲ್ ಹಣ ಕಡಿಮೆಯಾಯಿತು, ಡೆಲ್‌ನ ಲಾಭ ಕುಸಿಯಿತು. ಎಸ್‌ಇಸಿಯ ದೂರು ಇದ್ದದ್ದು, ಲಾಭದ ಈ ಮೂಲವನ್ನು ಡೆಲ್ ಹೂಡಿಕೆದಾರರಿಂದ ಮುಚ್ಚಿಟ್ಟಿತು ಎಂದು. ಕಂಪನಿ 10 ಕೋಟಿ ಡಾಲರ್ ದಂಡ ಕಟ್ಟಿತು, ಸಂಸ್ಥಾಪಕ ಮೈಕೆಲ್ ಡೆಲ್ ಸ್ವತಃ 40 ಲಕ್ಷ ಡಾಲರ್ ಕಟ್ಟಿದರು. ಆರೋಪಗಳನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಕಾಲವನ್ನೇ ಕೊಂಡುಕೊಂಡರೆ

ರಿಬೇಟುಗಳ ಜೊತೆಗೆ ಇನ್ನೊಂದು ಬಗೆಯ ನಡೆಯನ್ನೂ ಆಯೋಗ ಪತ್ತೆಹಚ್ಚಿತು. ಮೊದಲ ನೋಟಕ್ಕೆ ಸಣ್ಣದಾಗಿ ಕಾಣುವ ಇದೇ ಕೊನೆಗೆ ಎಲ್ಲ ನ್ಯಾಯಾಲಯಗಳನ್ನೂ ದಾಟಿ ಉಳಿದುಕೊಂಡಿತು. ಎದುರಾಳಿಯ ಚಿಪ್ ಇರುವ ನಿರ್ದಿಷ್ಟ ಮಾಡೆಲನ್ನು ತಡಮಾಡಲು, ನಿಲ್ಲಿಸಲು ಅಥವಾ ಅದರ ಮಾರಾಟದ ದಾರಿಯನ್ನು ಕಿರಿದು ಮಾಡಲು ತಯಾರಕರಿಗೆ ಹಣ ಕೊಟ್ಟದ್ದು. ಇದನ್ನು ನೇರ ನಿರ್ಬಂಧ ಎನ್ನೋಣ.

ಎಚ್‌ಪಿ ಎಎಂಡಿ ಚಿಪ್‌ನ ಕಚೇರಿ ಡೆಸ್ಕ್‌ಟಾಪ್‌ಗಳನ್ನು ದೊಡ್ಡ ಸಂಸ್ಥೆಗಳಿಗಲ್ಲ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಮಾತ್ರ ಮಾರಬೇಕು. ವಿತರಕರ ಮೂಲಕ ಕಳಿಸದೆ ನೇರವಾಗಿಯೇ ಮಾರಬೇಕು. ಯುರೋಪ್, ಮಧ್ಯಪ್ರಾಚ್ಯ, ಆಫ್ರಿಕಾಗಳಲ್ಲಿ ಬಿಡುಗಡೆಯನ್ನು ಆರು ತಿಂಗಳು ಮುಂದೂಡಬೇಕು. ಏಸರ್ ಒಂದು ಎಎಂಡಿ ನೋಟ್‌ಬುಕ್ಕನ್ನು 2003ರ ಸೆಪ್ಟೆಂಬರ್‌ನಿಂದ 2004ರ ಜನವರಿಗೆ ಮುಂದೂಡಿತು. ಲೆನೊವೊ 2006ರ ಜೂನ್‌ನಲ್ಲಿ ಬರಬೇಕಿದ್ದ ಎಎಂಡಿ ನೋಟ್‌ಬುಕ್‌ಗಳನ್ನು ಆ ವರ್ಷದ ಕೊನೆಗೆ ತಳ್ಳಿತು.

ನಾಲ್ಕು ತಿಂಗಳು, ಆರು ತಿಂಗಳು. ಬೇರೆ ಉದ್ಯಮಗಳಲ್ಲಿ ಇದು ಗಮನಕ್ಕೂ ಬಾರದ ವಿಳಂಬ. ಚಿಪ್‌ನಲ್ಲಿ ಹಾಗಲ್ಲ. ಒಂದು ಪ್ರೊಸೆಸರ್ ತನ್ನ ಒಳ್ಳೆಯ ಬೆಲೆಯನ್ನು ಪಡೆಯುವುದು ಬಿಡುಗಡೆಯಾದ ಮೊದಲ ತಿಂಗಳುಗಳಲ್ಲಿ. ಒಂದೆರಡು ವರ್ಷದಲ್ಲಿ ಮುಂದಿನ ಪೀಳಿಗೆ ಬಂದು ಹಿಂದಿನದರ ಬೆಲೆಯನ್ನು ನೆಲಕ್ಕಿಳಿಸುತ್ತದೆ. ಏಸರ್‌ನ ತಡವನ್ನೇ ನೋಡಿ: ಅಥ್ಲಾನ್ 64 ಬಿಡುಗಡೆಯಾದ ತಿಂಗಳೇ ಸೆಪ್ಟೆಂಬರ್ 2003. ಹೊಸ ಚಿಪ್‌ನ ಸುದ್ದಿ ಬಿಸಿಯಾಗಿದ್ದಾಗ, ವರ್ಷಾಂತ್ಯದ ಹಬ್ಬದ ಮಾರಾಟ ಜೋರಾಗಿದ್ದಾಗ, ಅದನ್ನು ಹೊತ್ತ ನೋಟ್‌ಬುಕ್ ಮಳಿಗೆಯಲ್ಲಿ ಇರಲಿಲ್ಲ. ಜನವರಿಯಲ್ಲಿ ಬಂತು.

ಇದರ ಹಿಂದೆ ಕಾರ್ಖಾನೆಯ ಅರ್ಥಶಾಸ್ತ್ರವೂ ಇದೆ. ಎಎಂಡಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎರಡು ಬಿಲಿಯನ್ ಡಾಲರಿಗೂ ಮಿಗಿಲಾದ ವೆಚ್ಚದ ಹೊಸ ಕಾರ್ಖಾನೆ ಕಟ್ಟಿ 2005ರ ಅಕ್ಟೋಬರ್‌ನಲ್ಲಿ ತೆರೆಯಿತು. ಚಿಪ್ ಕಾರ್ಖಾನೆಯ ಖರ್ಚು ಬಹುಪಾಲು ಮೊದಲೇ ಆಗಿಹೋಗುತ್ತದೆ, ಹತ್ತು ಲಕ್ಷ ಚಿಪ್ ಮಾಡಿದರೂ ಕೋಟಿ ಮಾಡಿದರೂ ಕಟ್ಟಡ, ಯಂತ್ರಗಳ ಸಾಲ ಅಷ್ಟೇ. ಮಾರಾಟದ ಪ್ರಮಾಣ ಸಿಕ್ಕರೆ ಮುಂದಿನ ಪೀಳಿಗೆಗೆ ದುಡ್ಡು ಹುಟ್ಟುತ್ತದೆ, ಸಿಗದಿದ್ದರೆ ಸಂಶೋಧನೆಯನ್ನೇ ಕತ್ತರಿಸಬೇಕಾಗುತ್ತದೆ. ಪ್ರಬಲ ಕಂಪನಿ ಎದುರಾಳಿಯನ್ನು ಪೂರ್ತಿ ಹೊರಗಿಡಬೇಕಾಗಿಲ್ಲ. ಆ ಕಾರ್ಖಾನೆಯ ಸಾಲ ತೀರುವಷ್ಟು ದೊಡ್ಡ ಗ್ರಾಹಕರು ಒಳ್ಳೆಯ ವರ್ಷಗಳಲ್ಲಿ ಅದಕ್ಕೆ ಸಿಗದಂತೆ ನೋಡಿಕೊಂಡರೆ ಸಾಕು. ಈ ಪ್ರಕರಣದ ತಿರುಳು ಬೆಲೆಯಲ್ಲ, ಕಾಲ ಎಂದು ನಾನು ನಂಬುವುದು ಇದಕ್ಕೇ.

ದೂರುಗಳ ಸರಣಿ

ಎಎಂಡಿ ಐರೋಪ್ಯ ಆಯೋಗಕ್ಕೆ ಮೊದಲ ದೂರು ಕೊಟ್ಟದ್ದು 2000ದ ಅಕ್ಟೋಬರ್‌ನಲ್ಲಿ. ಆದರೆ ಮೊದಲು ಕೈಯಾಡಿಸಿದ್ದು ಜಪಾನ್. ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ 2004ರ ಏಪ್ರಿಲ್‌ನಲ್ಲಿ ಇಂಟೆಲ್‌ನ ಜಪಾನ್ ಕಚೇರಿಗಳಲ್ಲಿ ಶೋಧ ನಡೆಸಿ, 2005ರ ಮಾರ್ಚ್‌ನಲ್ಲಿ ತೀರ್ಮಾನ ಕೊಟ್ಟಿತು: ಎನ್‌ಇಸಿ, ಫುಜಿತ್ಸು, ತೋಷಿಬಾ, ಸೋನಿ, ಹಿಟಾಚಿ ಈ ಐದೂ ತಯಾರಕರಿಗೆ ಶೇ 100 ಅಥವಾ ಶೇ 90ರ ಮಟ್ಟದ ಷರತ್ತುಗಳೊಂದಿಗೆ ಹಣ ಹೋಗಿದೆ. ಎಎಂಡಿ ಮತ್ತು ಟ್ರಾನ್ಸ್‌ಮೆಟಾಗಳ ಒಟ್ಟು ಪಾಲು ಜಪಾನಿನಲ್ಲಿ 2002ರ ಸುಮಾರು ಶೇ 24ರಿಂದ 2003ರಲ್ಲಿ ಸುಮಾರು ಶೇ 11ಕ್ಕೆ ಇಳಿದಿತ್ತು. ಇಂಟೆಲ್ ತಪ್ಪನ್ನು ಒಪ್ಪದೆಯೇ ಆಯೋಗದ ಶಿಫಾರಸನ್ನು ಒಪ್ಪಿಕೊಂಡಿತು. ದಂಡ ಇರಲಿಲ್ಲ. ದಕ್ಷಿಣ ಕೊರಿಯಾ 2008ರ ಜೂನ್‌ನಲ್ಲಿ ಸುಮಾರು 2,600 ಕೋಟಿ ವಾನ್ ದಂಡ ಹಾಕಿತು.

ಅಮೆರಿಕದಲ್ಲಿ ಎಎಂಡಿ 2005ರ ಜೂನ್ 27ರಂದು ಡೆಲವೇರ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. 48 ಪುಟಗಳ ಆ ದಾವೆಯಲ್ಲಿ 38 ಕಂಪನಿಗಳ ಹೆಸರಿತ್ತು. 2009ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು, ಅದೇ ತಿಂಗಳ 12ರಂದು ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಇಬ್ಬರ ನಡುವಿನ ಎಲ್ಲ ವ್ಯಾಜ್ಯಗಳನ್ನು ಮುಗಿಸಿಕೊಂಡಿತು. ಡಿಸೆಂಬರ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕೂಡ ಮೊಕದ್ದಮೆ ತೆರೆಯಿತು, 2010ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಆ ರಾಜಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಂಟೆಲ್‌ನ ಕಂಪೈಲರಿನಿಂದ, ಅಂದರೆ ಬರೆದ ಪ್ರೋಗ್ರಾಮನ್ನು ಚಿಪ್‌ನ ಆಜ್ಞೆಗಳಿಗೆ ತಿರುಗಿಸುವ ಸಾಫ್ಟ್‌ವೇರಿನಿಂದ, ಹೊರಬಂದ ಪ್ರೋಗ್ರಾಮುಗಳು ಬೇರೆಯವರ ಚಿಪ್ ಮೇಲೆ ಬೇಕೆಂದೇ ನಿಧಾನವಾಗಿ ಓಡುತ್ತಿದ್ದವು ಎಂಬ ಆರೋಪವಿತ್ತು. ಅದಕ್ಕಾಗಿ, ಬೇರೆ ಕಂಪೈಲರಿನಲ್ಲಿ ಮತ್ತೆ ಸಿದ್ಧಪಡಿಸಿಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳ ಖರ್ಚು ತುಂಬಿಕೊಡಲು ಒಂದು ಕೋಟಿ ಡಾಲರಿನ ನಿಧಿ ಇಡಬೇಕಾಯಿತು. ಹೀಗಾಗಿ ಅಮೆರಿಕದಲ್ಲಿ ಯಾವುದೂ ಪೂರ್ಣ ವಿಚಾರಣೆ ಮುಗಿದು ತೀರ್ಪಿನವರೆಗೆ ಹೋಗಲಿಲ್ಲ. ಇಡೀ ಲೆಕ್ಕಾಚಾರವನ್ನು ನ್ಯಾಯಾಲಯ ಒರೆಗೆ ಹಚ್ಚಿದ್ದು ಯುರೋಪಿನಲ್ಲಿ.

ಬ್ರಸೆಲ್ಸ್‌ನ ತೀರ್ಮಾನ, ಲಕ್ಸೆಂಬರ್ಗ್‌ನ ತೀರ್ಪುಗಳು

2009ರ ಮೇ 13ರಂದು, ನೀಲಿ ಕ್ರೋಸ್ ಸ್ಪರ್ಧಾ ಆಯುಕ್ತೆಯಾಗಿದ್ದಾಗ, ಆಯೋಗ ಇಂಟೆಲ್ ಮೇಲೆ 106 ಕೋಟಿ ಯೂರೋ ದಂಡ ವಿಧಿಸಿತು. ಒಂದೇ ಕಂಪನಿಯ ಮೇಲೆ ಅಲ್ಲಿಯವರೆಗೆ ಬಿದ್ದ ಅತಿ ದೊಡ್ಡ ಸ್ಪರ್ಧಾ ದಂಡ ಅದು, ಕಂಪನಿಯ 2008ರ ವಹಿವಾಟಿನ ಶೇ 4.15. ಇಂಟೆಲ್ ದಂಡ ಕಟ್ಟಿ ಮೇಲ್ಮನವಿಗೆ ಹೋಯಿತು.

ಕಾನೂನಿನ ಪ್ರಶ್ನೆ ಇದ್ದದ್ದು ಹೀಗೆ. 1979ರ ವಿಟಮಿನ್ ತಯಾರಕ ಹಾಫ್‌ಮನ್–ಲಾ ರೋಷ್ ಪ್ರಕರಣದಿಂದ ಬಂದ ಹಳೆಯ ನಿಲುವಿನಂತೆ, ಪ್ರಬಲ ಕಂಪನಿಯೊಂದು ನಮ್ಮಲ್ಲೇ ಕೊಳ್ಳಬೇಕೆಂಬ ಷರತ್ತಿನ ರಿಬೇಟು ಕೊಟ್ಟರೆ ಅದೇ ದುರುಪಯೋಗ, ಪರಿಣಾಮ ಅಳೆಯುವ ಅಗತ್ಯವಿಲ್ಲ. ಆದರೆ ಆಯೋಗ ಹೆಚ್ಚುವರಿಯಾಗಿ ಇನ್ನೊಂದು ಪರೀಕ್ಷೆಯನ್ನೂ ಮಾಡಿ ತೋರಿಸಿತ್ತು: ಇಂಟೆಲ್‌ನಷ್ಟೇ ದಕ್ಷವಾದ ಎದುರಾಳಿಯೊಬ್ಬ ಈ ರಿಬೇಟುಗಳ ಎದುರು ನಷ್ಟವಿಲ್ಲದೆ ಮಾರಬಲ್ಲನೇ? ಮೇಲೆ ನಾವು ಮಾಡಿದ 1,000 ಚಿಪ್‌ಗಳ ಲೆಕ್ಕವೇ ಇದು, ಸಾವಿರ ಪಟ್ಟು ಜಟಿಲವಾಗಿ.

2014ರ ಜೂನ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ಕೆಳ ನ್ಯಾಯಾಲಯ, ಜನರಲ್ ಕೋರ್ಟ್, ಹಳೆಯ ನಿಲುವನ್ನೇ ಹಿಡಿದು ದಂಡವನ್ನು ಪೂರ್ತಿಯಾಗಿ ಎತ್ತಿಹಿಡಿಯಿತು. 2017ರ ಸೆಪ್ಟೆಂಬರ್ 6ರಂದು ಮೇಲಿನ ನ್ಯಾಯಾಲಯ, ಕೋರ್ಟ್ ಆಫ್ ಜಸ್ಟಿಸ್, ಅದನ್ನು ರದ್ದು ಮಾಡಿತು. ಆಯೋಗವೇ ಪರೀಕ್ಷೆ ಮಾಡಿದ್ದ ಮೇಲೆ, ಇಂಟೆಲ್ ಅದರ ತಪ್ಪುಗಳನ್ನು ಎತ್ತಿ ತೋರಿಸುತ್ತಿರುವಾಗ, ಕೋರ್ಟು ಆ ಲೆಕ್ಕವನ್ನು ತೆರೆದು ನೋಡಲೇಬೇಕಿತ್ತು ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಕೊರತೆಯೂ ದಾಖಲಾಯಿತು. 2006ರ ಆಗಸ್ಟ್‌ನಲ್ಲಿ ಡೆಲ್‌ನ ಹಿರಿಯ ಅಧಿಕಾರಿಯೊಬ್ಬರ ಜೊತೆ ಆಯೋಗ ನಡೆಸಿದ ಸಂದರ್ಶನವನ್ನು ಸರಿಯಾಗಿ ದಾಖಲಿಸಿಕೊಂಡಿರಲಿಲ್ಲ. ಅದೊಂದರಿಂದಲೇ ತೀರ್ಮಾನ ಬೀಳುವುದಿಲ್ಲ ಎಂದು ನ್ಯಾಯಾಲಯ ಹೇಳಿದರೂ, ಇಷ್ಟು ದೊಡ್ಡ ಪ್ರಕರಣದಲ್ಲಿ ಪ್ರಮುಖ ಸಾಕ್ಷಿಯ ಮಾತನ್ನು ಬರೆದಿಟ್ಟುಕೊಳ್ಳದಿರುವುದು ಕ್ಷಮಿಸಲಾಗದ ಉದಾಸೀನ ಎಂದೇ ನನಗೆ ಅನಿಸುತ್ತದೆ.

ಮರುವಿಚಾರಣೆಯಲ್ಲಿ ಲೆಕ್ಕ ನಿಲ್ಲಲಿಲ್ಲ. 2022ರ ಜನವರಿ 26ರಂದು ಜನರಲ್ ಕೋರ್ಟ್ ಒಬ್ಬೊಬ್ಬ ತಯಾರಕನ ಅಂಕಿಗಳನ್ನೂ ಬಿಡಿಸಿ ನೋಡಿತು. ಡೆಲ್‌ನ ಖರೀದಿಯಲ್ಲಿ ಎಷ್ಟು ಪಾಲು ನಿಜಕ್ಕೂ ಎಎಂಡಿಗೆ ಹೋಗಬಹುದಿತ್ತು ಎಂಬ ಅಂದಾಜು ಸಾಬೀತಾಗಿರಲಿಲ್ಲ. ಕಾಲ್ಪನಿಕ ಲೆಕ್ಕದಲ್ಲಿ 200ರ ಬದಲು 100 ಇಟ್ಟಾಗ ಉತ್ತರ 50 ಡಾಲರಿನಿಂದ ಸೊನ್ನೆಗೆ ಬಿದ್ದದ್ದು ನೆನಪಿರಬಹುದು. ಇಡೀ ಪರೀಕ್ಷೆ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಎನ್‌ಇಸಿ ಮತ್ತು ಮೀಡಿಯಾ ಸ್ಯಾಟರ್ನ್ ವಿಷಯದಲ್ಲಿ ಒಂದು ತ್ರೈಮಾಸಿಕದ ಫಲಿತಾಂಶವನ್ನು ವರ್ಷಗಳ ಅವಧಿಗೆ ಹಿಗ್ಗಿಸಲಾಗಿತ್ತು. ಲೆನೊವೊಗೆ ಹಣದ ಬದಲು ಸೌಲಭ್ಯದ ರೂಪದಲ್ಲಿ ಕೊಟ್ಟದ್ದಕ್ಕೆ ಕಟ್ಟಿದ ಬೆಲೆ ತಪ್ಪಾಗಿತ್ತು. ರಿಬೇಟಿನ ಭಾಗ ಬಿದ್ದುಹೋಯಿತು. ನೇರ ನಿರ್ಬಂಧಗಳ ಭಾಗ ಉಳಿಯಿತು, ಆದರೆ 106 ಕೋಟಿಯಲ್ಲಿ ಅದರ ಪಾಲೆಷ್ಟು ಎಂದು ಬೇರ್ಪಡಿಸಲಾಗದೆ ಕೋರ್ಟು ದಂಡವನ್ನೇ ಪೂರ್ತಿ ತೆಗೆದುಹಾಕಿತು. ಆಯೋಗದ ಮೇಲ್ಮನವಿಯನ್ನು ಕೋರ್ಟ್ ಆಫ್ ಜಸ್ಟಿಸ್ 2024ರ ಅಕ್ಟೋಬರ್ 24ರಂದು ತಳ್ಳಿಹಾಕಿತು. ಅಷ್ಟರಲ್ಲಿ ಇಂಟೆಲ್, ತಾನು 2009ರಲ್ಲೇ ಕಟ್ಟಿದ್ದ ಹಣಕ್ಕೆ ಬಡ್ಡಿಯಾಗಿ 59.3 ಕೋಟಿ ಯೂರೋ ಕೊಡಬೇಕೆಂದು ಆಯೋಗದ ಮೇಲೆಯೇ ದಾವೆ ಹೂಡಿತ್ತು.

ನೇರ ನಿರ್ಬಂಧಗಳಿಗೆ ಮಾತ್ರವೆಂದು ಆಯೋಗ 2023ರ ಸೆಪ್ಟೆಂಬರ್ 22ರಂದು ಹೊಸದಾಗಿ 37.6 ಕೋಟಿ ಯೂರೋ ದಂಡ ಹಾಕಿತು. 2025ರ ಡಿಸೆಂಬರ್‌ನಲ್ಲಿ ಜನರಲ್ ಕೋರ್ಟ್ ತಪ್ಪನ್ನು ಎತ್ತಿಹಿಡಿದು ಮೊತ್ತವನ್ನು ಸುಮಾರು 23.7 ಕೋಟಿಗೆ ಇಳಿಸಿತು.

ಆದ್ದರಿಂದ ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ಯುರೋಪಿನ ಕಾನೂನಿನ ಪ್ರಕಾರ ಇಂಟೆಲ್‌ನ ರಿಬೇಟುಗಳು ಸ್ಪರ್ಧೆಯನ್ನು ಹೊಸಕಿದವು ಎಂಬುದು ಸಾಬೀತಾಗಿಲ್ಲ. ಎಚ್‌ಪಿ, ಏಸರ್, ಲೆನೊವೊಗಳಿಗೆ ಹಣ ಕೊಟ್ಟು ಎದುರಾಳಿಯ ಉತ್ಪನ್ನಗಳನ್ನು ತಡೆದದ್ದು ಸಾಬೀತಾಗಿದೆ. 2022ರ ತೀರ್ಪು ಕಾನೂನಾಗಿ ಸರಿ ಎಂದೇ ನನ್ನ ಅಭಿಪ್ರಾಯ, ಕೋಟಿಗಟ್ಟಲೆ ದಂಡ ಹಾಕುವವರ ಲೆಕ್ಕ ಗಟ್ಟಿಯಾಗಿರಲೇಬೇಕು. ಆದರೆ ಹತ್ತು ಹನ್ನೆರಡು ವರ್ಷ ಹಳೆಯ ತ್ರೈಮಾಸಿಕದ ಅಂಕಿಗಳನ್ನು ದಶಾಂಶದ ಮಟ್ಟದಲ್ಲಿ ಮರುಕಟ್ಟುವ ಹೊರೆಯನ್ನು ದೂರುದಾರರ ಕಡೆಗೆ ಹೊರಿಸಿದರೆ, ಪುರಾವೆ ಮಸುಕಾದಷ್ಟೂ ಪ್ರಬಲ ಕಂಪನಿಗೇ ಲಾಭ. ಡೆಲ್‌ನ ಶೇ 76ರ ಲೆಕ್ಕ ಕಣ್ಣ ಮುಂದಿರುವಾಗ ಈ ಫಲಿತಾಂಶ ನನಗೆ ಸಮಾಧಾನ ಕೊಡುವುದಿಲ್ಲ.

ಎಎಂಡಿಯ ಪಾಲಿನ ತಪ್ಪುಗಳು

ಎಎಂಡಿ ಕುಸಿದದ್ದಕ್ಕೆಲ್ಲ ಇಂಟೆಲ್ ಕಾರಣ ಎನ್ನುವುದು ಸುಳ್ಳಾಗುತ್ತದೆ. 2006ರಲ್ಲಿ ಎಎಂಡಿ ಗ್ರಾಫಿಕ್ಸ್ ಕಂಪನಿ ಎಟಿಐಯನ್ನು ಸುಮಾರು 540 ಕೋಟಿ ಡಾಲರಿಗೆ ಕೊಂಡು ಸಾಲದಲ್ಲಿ ಮುಳುಗಿತು. ಅದೇ ವರ್ಷದ ಜುಲೈಯಲ್ಲಿ ಇಂಟೆಲ್ ಕೋರ್ 2 ತಂದಿತು, ಅದು ನಿಜಕ್ಕೂ ಒಳ್ಳೆಯ ಚಿಪ್, ಯಾವ ರಿಬೇಟೂ ಇಲ್ಲದೆ ಗೆಲ್ಲುವಂಥದ್ದು. 2007ರಲ್ಲಿ ಎಎಂಡಿಯ ಬಾರ್ಸಿಲೋನಾ ಸರ್ವರ್ ಚಿಪ್ ದೋಷದೊಂದಿಗೆ ಹೊರಬಂದು ತಿಂಗಳುಗಟ್ಟಲೆ ಪರದಾಡಿತು. 2009ರಲ್ಲಿ ಎಎಂಡಿ ತನ್ನ ಕಾರ್ಖಾನೆಗಳನ್ನೇ ಬೇರ್ಪಡಿಸಿ ಗ್ಲೋಬಲ್‌ಫೌಂಡ್ರೀಸ್ ಎಂಬ ಕಂಪನಿಗೆ ಬಿಟ್ಟುಕೊಟ್ಟಿತು.

ಇವೆಲ್ಲ ನಿಜ. ಆದರೆ ಇಂಥ ತಪ್ಪುಗಳನ್ನು ಮಾಡಿಯೂ ತಡೆದುಕೊಳ್ಳುವ ಶಕ್ತಿ ಕಂಪನಿಗೆ ಬರುವುದು ಒಳ್ಳೆಯ ವರ್ಷಗಳ ಗಳಿಕೆಯಿಂದ. ಇಟಾನಿಯಂನಲ್ಲಿ ಎಡವಿದ ಇಂಟೆಲ್‌ಗೆ ಆ ಶಕ್ತಿ ಇತ್ತು. 2003ರಿಂದ 2006ರವರೆಗೆ ಗೆಲ್ಲುವ ಚಿಪ್ ಕೈಯಲ್ಲಿದ್ದ ಎಎಂಡಿಗೆ ಅಷ್ಟು ಗಳಿಕೆ ಕೂಡಿಡಲು ಆಗಲಿಲ್ಲ. ಎಷ್ಟು ಪಾಲು ರಿಬೇಟಿನಿಂದ, ಎಷ್ಟು ಸ್ವಂತ ತಪ್ಪಿನಿಂದ ಎಂದು ಗೆರೆ ಎಳೆಯುವುದು ಸಾಧ್ಯವಿಲ್ಲ.

ಕೊನೆಗೆ ಮಾರುಕಟ್ಟೆಯೇ ಸರಿಹೋಯಿತಲ್ಲ ಎನ್ನುವವರೂ ಇದ್ದಾರೆ. 2014ರ ಅಕ್ಟೋಬರ್‌ನಲ್ಲಿ ಲಿಸಾ ಸು ಎಎಂಡಿಯ ಮುಖ್ಯಸ್ಥೆಯಾದರು, 2017ರ ಮಾರ್ಚ್‌ನಲ್ಲಿ ಅದರ ರೈಜನ್ ಚಿಪ್ ಬಂತು, ಇಂಟೆಲ್ ತಯಾರಿಕೆಯಲ್ಲಿ ಹಿಂದೆ ಬಿತ್ತು, 2022ರಲ್ಲಿ ಎಎಂಡಿಯ ಮಾರುಕಟ್ಟೆ ಮೌಲ್ಯ ಇಂಟೆಲ್ ಅನ್ನೇ ದಾಟಿತು. ಸರಿ. ಆದರೆ ನಡುವಿನ ವರ್ಷಗಳ ಬೆಲೆ ತೆತ್ತವರು ಯಾರು? 2007ರಿಂದ 2017ರವರೆಗೆ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳು ನಾಲ್ಕು ಕೋರ್‌ಗಳಲ್ಲೇ, ಅಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ನಾಲ್ಕು ಘಟಕಗಳಲ್ಲೇ, ನಿಂತಿದ್ದವು. ಎಂಟು ಕೋರ್‌ಗಳ ರೈಜನ್ ಬಂದ ವರ್ಷವೇ ಇಂಟೆಲ್ ಆರಕ್ಕೆ ಏರಿತು. ಎದುರಾಳಿ ಇಲ್ಲದ ಹತ್ತು ವರ್ಷ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ನನಗೆ ಗೊತ್ತಿಲ್ಲ.

ಬೇಗ ತಡೆಯುವ ದಾರಿ

ಚಿಪ್ ಲೋಕದ ಇನ್ನೊಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಬಹುದು. ಮೊಬೈಲ್ ಡಾಂಗಲ್‌ಗಳ ಚಿಪ್ ಮಾಡುತ್ತಿದ್ದ ಬ್ರಿಟನ್ನಿನ ಐಸೆರಾ ಎಂಬ ಸಣ್ಣ ಕಂಪನಿಯನ್ನು ಹೊಸಕಲು ಕ್ವಾಲ್‌ಕಾಮ್ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿತು ಎಂದು ಆಯೋಗ ತೀರ್ಮಾನಿಸಿದ್ದು 2019ರ ಜುಲೈಯಲ್ಲಿ. ನಡೆದದ್ದು 2009ರಿಂದ 2011ರ ನಡುವೆ. 2011ರಲ್ಲಿ ಐಸೆರಾವನ್ನು ಎನ್‌ವಿಡಿಯಾ ಕೊಂಡಿತು, 2015ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ತೀರ್ಮಾನ ಬರುವ ಹೊತ್ತಿಗೆ ರಕ್ಷಿಸಲು ಯಾರೂ ಉಳಿದಿರಲಿಲ್ಲ.

ಆದರೆ ಅದೇ 2019ರಲ್ಲಿ ಆಯೋಗ ಬೇರೊಂದು ದಾರಿಯನ್ನೂ ಹಿಡಿಯಿತು. ಟಿವಿ ಸೆಟ್‌ಟಾಪ್ ಬಾಕ್ಸ್ ಮತ್ತು ಮೋಡೆಮ್‌ಗಳ ಚಿಪ್ ಮಾರುವ ಬ್ರಾಡ್‌ಕಾಮ್ ಆರು ಮುಖ್ಯ ಗ್ರಾಹಕರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ, ಎಲ್ಲವನ್ನೂ ಅಥವಾ ಬಹುಪಾಲನ್ನು ತನ್ನಿಂದಲೇ ಕೊಳ್ಳಬೇಕೆಂಬ ಷರತ್ತುಗಳಿವೆ ಎಂಬ ಅನುಮಾನವಿತ್ತು. ಜೂನ್ 26ರಂದು ವಿಧಿವತ್ತಾಗಿ ತನಿಖೆ ತೆರೆದ ಆಯೋಗ, ಅಂತಿಮ ತೀರ್ಮಾನಕ್ಕೆ ಕಾಯದೆ, ಅಕ್ಟೋಬರ್ 16ರಂದು ಮಧ್ಯಂತರ ಆದೇಶ ಹೊರಡಿಸಿ ಆ ಷರತ್ತುಗಳನ್ನು ನಿಲ್ಲಿಸಿತು. ಮಧ್ಯಂತರ ಆದೇಶದ ಅಧಿಕಾರವನ್ನು ಆಯೋಗ ಬಳಸಿ 18 ವರ್ಷಗಳಾಗಿದ್ದವು. ಮರುವರ್ಷದ ಅಕ್ಟೋಬರ್‌ನಲ್ಲಿ ಬ್ರಾಡ್‌ಕಾಮ್ ಏಳು ವರ್ಷಗಳ ಬದ್ಧತೆಗೆ ಸಹಿ ಹಾಕಿತು: ಐರೋಪ್ಯ ಆರ್ಥಿಕ ವಲಯದಲ್ಲಿ ಯಾವ ತಯಾರಕನಿಗೂ ಇಷ್ಟು ಶೇಕಡಾ ನಮ್ಮಿಂದಲೇ ಎಂಬ ಷರತ್ತು ಹಾಕುವುದಿಲ್ಲ, ವಲಯದ ಹೊರಗೆ, ಚೀನಾ ಬಿಟ್ಟು, ಶೇ 50ನ್ನು ಮೀರಿ ಕೇಳುವುದಿಲ್ಲ. ದಂಡ ಒಂದು ಯೂರೋ ಕೂಡ ಇರಲಿಲ್ಲ. ತನಿಖೆ ತೆರೆದಾಗಿನಿಂದ ಷರತ್ತು ನಿಲ್ಲುವವರೆಗೆ ನಾಲ್ಕು ತಿಂಗಳೂ ಹಿಡಿಯಲಿಲ್ಲ, ಏಸರ್ ನೋಟ್‌ಬುಕ್ ತಡವಾದಷ್ಟೇ ಕಾಲ. ಇದೇ ಅಧಿಕಾರವನ್ನು ಇಂಟೆಲ್ ಪ್ರಕರಣದಲ್ಲಿ, ಜಪಾನಿನ ತೀರ್ಮಾನ ಹೊರಬಿದ್ದ 2005ರ ವಸಂತದಲ್ಲಾದರೂ ಬಳಸಿದ್ದರೆ, ಲೆನೊವೊದ ನೋಟ್‌ಬುಕ್‌ಗಳನ್ನು ತಡೆಹಿಡಿದ 2006ರ ಒಪ್ಪಂದಕ್ಕೆ ದಾರಿಯೇ ಇರುತ್ತಿರಲಿಲ್ಲ.